ನೂರೆಂಟು ಬಿರುದು, ಒಂದು ಬಾವಿ

ಹತ್ತಿರ ಬನ್ನಿ ಮಕ್ಕಳೇ. ಕಣಗಿಲೆಪುರವೆಂಬ ರಾಜ್ಯದಲ್ಲಿ ಮಾರಭೂಪನೆಂಬ ರಾಜನಿದ್ದ. ಅವನಿಗೆ ನೂರೆಂಟು ಬಿರುದುಗಳು. ಎಂಟನ್ನು ಅವನೇ ಗೆದ್ದದ್ದು. ಉಳಿದ ನೂರನ್ನು ಮಂತ್ರಿ ದುಗ್ಗರಸ ಹೊಸೆದದ್ದು.

ಬಿರುದುಗಳನ್ನೆಲ್ಲ ಕೂಗಿ ಪರಾಕು ಮುಗಿಯುವ ತನಕ ರಾಜನೊಡನೆ ಯಾರೂ ಮಾತಾಡಬಾರದು. ಅದು ಪದ್ಧತಿ. ದೂರು ತಂದವರು ಮೂವತ್ತನೇ ಬಿರುದಿಗೆ ಆಕಳಿಸಿ, ಅರವತ್ತನೆಯದಕ್ಕೆ ಎದ್ದು ಹೋಗುತ್ತಿದ್ದರು. ದೂರುಗಳೆಲ್ಲ ಮಂತ್ರಿಯ ಮೇಲೇ ಇದ್ದವು. ಮಂತ್ರಿಗೆ ಪದ್ಧತಿಯೆಂದರೆ ಬಹಳ ಗೌರವ.

ಅಡುಗೆಯವನು ಬಿಸಿ ಅನ್ನ ತಂದ. ಪರಾಕು ಮುಗಿಯುವಷ್ಟರಲ್ಲಿ ಅನ್ನ ಆರಿತು. ಬಾಲ್ಯದ ಗೆಳೆಯ ಬಂದ. ಪರಾಕು ಮುಗಿಯುವಷ್ಟರಲ್ಲಿ ಗೆಳೆಯ ಹೊರಟುಹೋದ. ಅಕ್ಕ ಬಂದಳು. ಪರಾಕು ಮುಗಿಯುವಷ್ಟರಲ್ಲಿ ಹೇಳಬೇಕೆಂದು ಬಂದದ್ದೇ ಅವಳಿಗೆ ಮರೆತುಹೋಯಿತು.

ಅವತ್ತು ರಾಜ ಕಿರೀಟ ತೆಗೆದಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಬಿದ್ದ. ಯಾರೂ ಗುರುತು ಹಿಡಿಯಲಿಲ್ಲ. ಕಿರೀಟವಿಲ್ಲದ ಆ ಮುಖವನ್ನು ಯಾರೂ ನೋಡಿರಲಿಲ್ಲ.

ಊರಾಚೆಯ ಬಾವಿಯಲ್ಲಿ ಚೆನ್ನಜ್ಜಿ ಎಮ್ಮೆಗಳಿಗೆ ನೀರು ಸೇದುತ್ತಿದ್ದಳು.

"ಏನೋ, ಕಂಬದ ಹಾಗೆ ನಿಂತಿದ್ದೀಯಲ್ಲ! ಹಗ್ಗ ಹಿಡಿ. ಹೆಸರೇನು ನಿಂದು?"

"ಮಾರ," ಎಂದ. ತನ್ನ ಹೆಸರು ತನಗೇ ಹೊಸದಾಗಿ ಕೇಳಿಸಿತು.

ಸೇದಿದ. ಅಂಗೈ ಸುಲಿಯಿತು. ಎಮ್ಮೆ ಕರು ನೀರು ಕುಡಿದು, ಒದ್ದೆ ಮೂತಿಯನ್ನು ಅವನ ಪಂಚೆಗೇ ಒರೆಸಿತು. ನೂರೆಂಟರಲ್ಲಿ ಒಂದು ಬಿರುದೂ ಅಷ್ಟು ಹಿತವಾಗಿರಲಿಲ್ಲ.

"ನಾಳೆಯೂ ಬರಲಾ ಅಜ್ಜಿ?"

"ನಿನಗೆ ಬೇರೆ ಕೆಲಸ ಇಲ್ಲವಾ?"

ರಾಜ ಯೋಚಿಸಿ ನೋಡಿದ. "ಇಲ್ಲ," ಎಂದ.

ಮೂರನೇ ದಿನ ಮಂತ್ರಿ ಹುಡುಕಿಕೊಂಡು ಬಂದ. ಎಮ್ಮೆಗಳನ್ನು ಅತ್ತ ಅಟ್ಟಿಸಿ, ಅಲ್ಲೇ ಪರಾಕು ಶುರುಮಾಡಿದ. ಬಾಯಾರಿದ ಎಮ್ಮೆಗಳು ಕೂಗಿಕೊಂಡವು.

ಅಜ್ಜಿ ಮಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಂತ್ರಿಯ ಕಡೆ ತಿರುಗಿದಳು. "ಬುದ್ಧೀ, ಬಾವಿಕಟ್ಟೆಗೂ ಒಂದು ಪದ್ಧತಿ ಉಂಟು. ಇಲ್ಲಿ ಒಂದು ಬಿರುದು ಕೂಗಿದವರು ಒಂದು ಕೊಡ ನೀರು ಸೇದಬೇಕು."

"ಯಾವಾಗಿನಿಂದ?"

"ಈಗಿನಿಂದ," ಎಂದ ರಾಜ. "ನನ್ನ ಆಜ್ಞೆ."

ಹತ್ತನೇ ಕೊಡಕ್ಕೆ ಮಂತ್ರಿ ಏದುಸಿರು ಬಿಟ್ಟ. ಹನ್ನೆರಡನೆಯದಕ್ಕೆ ಕೂತುಬಿಟ್ಟ. ಹದಿಮೂರನೇ ಬಿರುದು ಅವನಿಗೆ ನೆನಪಾಗಲೇ ಇಲ್ಲ. ಮರುದಿನ ಅದೇ ಪದ್ಧತಿ ಅರಮನೆಗೂ ಬಂತು. ದೂರುಗಳು ಒಳಗೆ ಬಂದವು, ಮಂತ್ರಿ ಹೊರಗೆ ಹೋದ.

ರಾಜ ರಾಜನಾಗೇ ಉಳಿದ. ಗೆಳೆಯ ತಿರುಗಿ ಬರಲಿಲ್ಲ. ಊಟಕ್ಕೆ ಹಾಕುವ ಮಣೆ ಈಗಲೂ ಒಂದೇ, ಅವನದು. ಆದರೆ ಬೆಳಿಗ್ಗೆ ಬಾವಿಕಟ್ಟೆಯಲ್ಲಿ, "ಮಾರ, ಇಷ್ಟು ತಡವೇನೋ?" ಎಂದು ಬೈಯಲು ಒಬ್ಬಳಿದ್ದಳು.

ನೀತಿ ಇಷ್ಟೇ, ಮಕ್ಕಳೇ: ಹೊಗಳಿಕೆಯಿಂದ ಬಾಳು ತುಂಬದು. ನಾವು ಒಂದು ದಿನ ಹೋಗದಿದ್ದರೆ ಯಾರಿಗಾದರೂ ಬಾಯಾರಬೇಕು. ಅಂಥದೊಂದು ಕೆಲಸ ಸಿಕ್ಕವನೇ ಗೆದ್ದವನು.