ಚಾಪೆ ಬಿಟ್ಟು ಕದಲದವನು

“ಗುರುಗಳೇ, ನಿನ್ನೆ ಎಲೆಯಾಟದಲ್ಲಿ ಒಬ್ಬ ನನ್ನನ್ನು ಸೋಲಿಸಿ, ಹತ್ತು ಜನರ ಮುಂದೆ ನಕ್ಕ. ಅವನಿಗೆ ಮಣ್ಣು ಮುಕ್ಕಿಸುವವರೆಗೆ ನಾನು ಬಿಡುವವನಲ್ಲ. ಇಂಥ ಹಟ ಒಳ್ಳೆಯದಲ್ಲವೆ?” ಎಂದು ಬೊಮ್ಮಣ್ಣ ಕೇಳಿದ.

ಗುರುಗಳು ಅಕ್ಷರ ಕಲಿತವರಲ್ಲ. ಆದರೆ ತಾವು ಕಾಣದ ಸೀಮೆಯೇ ಇಲ್ಲ ಎನ್ನುತ್ತಿದ್ದರು. ಅವರು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಆಟದ ಎಲೆಯನ್ನು ಚಾಪೆಗೆ ಬಡಿದರೆ ಅದರ ಮೇಲಿನ ಚಿತ್ರ ಜೀವ ತಳೆದು ಎದ್ದು ಕಾದುತ್ತಿತ್ತು. ಆನೆಯ ಎಲೆ ಬಿದ್ದರೆ ಏಳು ಹಳ್ಳಿಯ ಹೆಂಚು ಹಾರುತ್ತಿದ್ದವು. ಸುಳ್ಳಲ್ಲ, ಒಂದು ಹೆಂಚು ಗುರುಗಳ ತಲೆಯ ಮೇಲೇ ಬಿದ್ದಿತ್ತು. ಬೇಕಾದವರು ಗಾಯದ ಗುರುತನ್ನು ಮುಟ್ಟಿ ನೋಡಬಹುದು.

ಅಲ್ಲಿ ಒಂದು ಕಟ್ಟಳೆ. ಎದುರಿನವನನ್ನು ಚಾಪೆಯಿಂದ ಆಚೆ ತಳ್ಳಬೇಕು. ಹೊತ್ತು ಮುಳುಗುವುದರೊಳಗೆ ತಳ್ಳಲಾಗದಿದ್ದರೆ, ಕೊನೆಯ ಎಲೆ ಬಡಿದವನೇ ಸೋತ. ಸೋತವನು ತಾನೇ ಎಲೆಯ ಮೇಲಿನ ಚಿತ್ರವಾಗಿ ಗೆದ್ದವನ ಎಲೆಡಬ್ಬಿ ಸೇರಬೇಕು.

ಒಬ್ಬ ಕಂಬಳಿ ನೇಯುವವನ ಅಣ್ಣ ಹೀಗೆ ಒಬ್ಬ ವರ್ತಕನ ಡಬ್ಬಿ ಸೇರಿದ್ದ. ಅಣ್ಣನಿಲ್ಲದೆ ಮನೆಗೆ ಹೋಗುವುದಿಲ್ಲ ಎಂದು ನೇಕಾರ ವರ್ತಕನ ಎದುರು ಬಂದು ಕುಳಿತ.

ಮಧ್ಯಾಹ್ನದ ಹೊತ್ತಿಗೆ ವರ್ತಕನ ಆನೆ, ಸಿಂಹ, ಹದ್ದು ಎಲ್ಲವೂ ಮುಗಿದಿದ್ದವು. ನೇಕಾರನ ಕೈಯಲ್ಲಿ ಹುಲಿಯ ಎಲೆ ಉಳಿದಿತ್ತು. ಆಗ ವರ್ತಕ ತನ್ನ ಕೊನೆಯ ಎಲೆಯನ್ನು ಬಡಿದ. ಎದ್ದು ನಿಂತವನು ನೇಕಾರನ ಅಣ್ಣ.

“ಬಿಡೋ ನಿನ್ನ ಹುಲೀನ! ನಿಮ್ಮಣ್ಣ ಅದರ ಒಂದು ತುತ್ತಿಗೂ ಸಾಲೋದಿಲ್ಲ” ಎಂದು ವರ್ತಕ ನಕ್ಕ.

“ಹುಲಿ ಇರಲಿ ಧಣೀ, ನಾನೇ ಬರ್ತೀನಿ.”

ನೇಕಾರ ಹುಲಿಯ ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಾಪೆಗೆ ಇಳಿದ. ಎಲೆಯೊಳಗಿನವರು ಒಡೆಯ ಹೇಳಿದಂತೆ ಕೇಳಲೇಬೇಕು. ಅಣ್ಣ ಹೊಡೆದ. ತಮ್ಮ ಬಿದ್ದ, ಎದ್ದ. ಮತ್ತೆ ಹೊಡೆದ. ಮತ್ತೆ ಎದ್ದ.

“ಆಚೆ ಹೋಗಿಬಿಡೋ ತಮ್ಮಾ, ಕೈ ನನ್ನ ಮಾತು ಕೇಳ್ತಿಲ್ಲ” ಎಂದು ಅಣ್ಣ ಅತ್ತ.

“ಹೊಡಿಯಣ್ಣ. ಚಿಕ್ಕಂದಿನಲ್ಲಿ ನೀನು ಇದಕ್ಕಿಂತ ಜೋರಾಗಿ ಹೊಡೀತಿದ್ದೆ.”

ಮುನ್ನೂರು ಏಟು ಬಿದ್ದವು. ಗುರುಗಳೇ ಪಕ್ಕದಲ್ಲಿ ಕುಳಿತು ಎಣಿಸಿದ್ದರಂತೆ. ನೇಕಾರನ ಒಂದು ಕಣ್ಣು ಮುಚ್ಚಿಹೋಯಿತು. ಕಾಲು ನಿಲ್ಲದಾದಾಗ ಚಾಪೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ತಿರುಗಿ ಒಂದು ಏಟನ್ನೂ ಹೊಡೆಯಲಿಲ್ಲ. ಹೊತ್ತು ಮುಳುಗಿತು. ಅವನು ಇನ್ನೂ ಚಾಪೆಯ ಮೇಲೇ ಇದ್ದ.

ವರ್ತಕ ಕುಳಿತಲ್ಲೇ ಎಲೆಯ ಚಿತ್ರವಾದ. ಒಡೆಯನೇ ಇಲ್ಲವಾದ ಮೇಲೆ ಅಣ್ಣನ ಕೈ ಮತ್ತೆ ಅಣ್ಣನ ಮಾತನ್ನೇ ಕೇಳಿತು. ಆ ಕೈಯಿಂದಲೇ ತಮ್ಮನನ್ನು ಎತ್ತಿಕೊಂಡು ಮನೆಗೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣ ತೊಡೆ ತಟ್ಟಿ ಎದ್ದ.

“ಹಟ ಅಂದರೆ ಅದು! ಆ ವರ್ತಕನ ಎಲೆಯನ್ನು ನೇಕಾರ ಏನು ಮಾಡಿದ, ಗುರುಗಳೇ?”

“ತನ್ನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ.”

“ಸರಿಯಾಗಿ ಮಾಡಿದ! ಆಮೇಲೆ?”

“ಬೆಳಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಆ ವರ್ತಕನ ತಮ್ಮ ಚಾಪೆ ಹಾಸಿಕೊಂಡು ಕೂತಿದ್ದ.”