ಸೂಜಿ ಮುಟ್ಟದ ಚೀಲ

"ಕೇಳ್ರಪ್ಪೋ ಕೇಳಿ! ದೊರೆಮಗಳು ಮುತ್ತಾಜಮ್ಮ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನೇ ಅರಮನೆಯ ಅಳಿಯ. ಜೊತೆಗೆ ಅವನು ಬಾಯಿಬಿಟ್ಟು ಕೇಳಿದ್ದೊಂದು ಕೊಡಲಾಗುವುದು. ತಪ್ಪಿದವನಿಗೆ ಸೆರೆಮನೆ, ಅಮಾವಾಸ್ಯೆಗೆ ತಲೆದಂಡ!"

ಗುಂಡಗಲ್ಲಿನ ಬೀದಿಯಲ್ಲಿ ಈ ಡಂಗುರ ಬಂದಾಗ ಬುಟ್ಟಿ ಹೆಣೆಯುವ ಚೌಡ ಬಿದಿರು ಸೀಳುತ್ತ ಕೂತಿದ್ದ. ಅಳಿಯ ಅನ್ನುವ ಮಾತು ಅವನ ಕಿವಿಗೇ ಬೀಳಲಿಲ್ಲ. 'ಕೇಳಿದ್ದೊಂದು' ಅಂದದ್ದು ಮಾತ್ರ ಮನಸ್ಸಿಗೆ ನಾಟಿತು. ಅವನ ಅವ್ವ ಮಾಳವ್ವ ಅರಮನೆಯ ಕಣಜ ಗುಡಿಸುವವಳು. ಪ್ರತಿ ವರ್ಷ ಅವಳು ಬೇವಿನ ಹೊಗೆ ಹಾಕುತ್ತಿದ್ದಳು, ಪ್ರತಿ ವರ್ಷವೂ ಕಣಜದಲ್ಲಿ ಜಿರಲೆ ತುಂಬುತ್ತಿತ್ತು. "ಹೊಗೆ ಹಾಕದೆಯೇ ಹಾಕಿದೆ ಅಂತಾಳೆ, ಕಳ್ಳಿ" ಎಂದು ದೊರೆ ಅವಳನ್ನು ಸೆರೆಗೆ ತಳ್ಳಿದ್ದ. ಅವಳ ಪಾಲಿಗೂ ಅದೇ ಅಮಾವಾಸ್ಯೆ.

ಚೌಡ ಕತ್ತಿ ಕೆಳಗಿಟ್ಟು ಎದ್ದ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ನೆರೆಯ ಪಾಳೆಯಗಾರ. ಮುತ್ತಾಜಮ್ಮ ಕೇಳಿದಳು: "ಸೂಜಿ ಮುಟ್ಟದ, ದಾರ ಕಾಣದ ಚೀಲವೊಂದಿದೆ. ತಾಯಿ ಅದನ್ನು ಹಿಂಬದಿಗೆ ಕಚ್ಚಿಸಿಕೊಂಡು ತಿರುಗುತ್ತಾಳೆ. ಒಳಗೆ ಮಕ್ಕಳು ಎರಡು ಸಾಲು, ಮದುವೆ ಊಟದ ಪಂಕ್ತಿ ಕೂತ ಹಾಗೆ. ಯಾರವಳು?"

ಪಾಳೆಯಗಾರ ಮೀಸೆ ತಿರುವಿದ. "ಜೇಡ!"

"ಜೇಡ ಚೀಲ ಹೊರುತ್ತಾಳೆ, ನಿಜ. ಆದರೆ ಅವಳ ಮನೆಯಲ್ಲಿ ಪಂಕ್ತಿ ಎಲ್ಲಿ? ಎಲ್ಲ ಗುಂಪಲ್ಲಿ ಗೋವಿಂದ. ಕರೆದೊಯ್ಯಿರಿ."

ಎರಡನೆಯವನು ಮಂತ್ರಿಯ ಮಗ. ಅವನಿಗೆ ಬೇರೆ ಒಗಟು: "ಹುಟ್ಟಿದಾಗ ಹಾಲಿನ ಬಣ್ಣ, ಹೊತ್ತು ಇಳಿಯುವುದರೊಳಗೆ ಬೆಲ್ಲದ ಬಣ್ಣ. ಎಳೆಯದರಲ್ಲೇ ಹೆತ್ತವರ ರೂಪ. ಅಂಗಿ ಕಳಚಿ ಕಳಚಿ ಬೆಳೆಯುತ್ತಾನೆ. ಹೆತ್ತವರ ಆಸ್ತಿಯೊಂದು ಮಾತ್ರ ಕೊನೆಯ ಅಂಗಿ ಕಳಚಿದ ಮೇಲೇ ಕೈಗೆ ಸಿಗುವುದು. ಯಾರವನು?"

"ಆಸ್ತಿ ಅಂದರೆ ರೆಕ್ಕೆ. ಅವನು ಚಿಟ್ಟೆ!"

"ರೆಕ್ಕೆ ಸರಿ. ಆದರೆ ಕಂಬಳಿಹುಳಕ್ಕೆ ತಾಯಿಯ ರೂಪ ಇರುತ್ತದೆಯೇ?"

ಅವನನ್ನೂ ಎಳೆದೊಯ್ದರು. ಚೌಡನ ತಲೆಯೊಳಗೆ ಎರಡು ಒಗಟೂ ಒಂದಕ್ಕೊಂದು ಕೊಂಡಿ ಹಾಕಿಕೊಂಡವು. ಅವನು ತಡೆಯಲಾರದೆ ನಕ್ಕುಬಿಟ್ಟ.

"ಯಾಕೋ ನಗು?" ದೊರೆ ಗದರಿದ.

"ತಪ್ಪಾಯ್ತು ಬುದ್ಧಿ. ಎರಡೂ ಒಂದೇ ಮನೆಯವು. ಚೀಲ ಹೊತ್ತವಳು ಜಿರಲೆ, ಅಂಗಿ ಕಳಚೋನು ಅವಳ ಮರಿ. ಚಿಕ್ಕವನಿದ್ದಾಗ ಬುಟ್ಟಿಯ ಸಂದೀಲಿ ಕಂದು ಕಾಳು ಸಿಕ್ತು. ಅಲಸಂದೆ ಅಂತ ಕುಡಿಕೇಲಿ ನಟ್ಟೆ. ಬಳ್ಳಿ ಬರಲಿಲ್ಲ, ಬಿಳೀ ಮರಿ ಬಂದ್ವು. ಅವ್ವ ಬೈದ್ಲು. ನಾನು ಮಾತ್ರ ಅವು ಕಂದಾಗೋವರೆಗೂ ಕದಲಲಿಲ್ಲ."

ಮುತ್ತಾಜಮ್ಮ ಪೀಠದಿಂದ ಅರ್ಧ ಎದ್ದಳು. "ಕುಡಿಕೆಯಲ್ಲೇ? ನಾನು ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೋಡಿದ್ದೆ. ಇರಲಿ. ಮೂರನೆಯದು ಕೇಳು. ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಹೋದ ವರ್ಷ ಹೊಗೆ ಹಾಕಿದರು, ನಾನೇ ನಿಂತು ನೋಡಿದೆ; ಅಪ್ಪಾಜಿ ನಂಬಲಿಲ್ಲ. ಒಂದು ಹುಳವೂ ಉಳಿಯಲಿಲ್ಲ. ಬಿರುಕಿಗೆಲ್ಲ ಮಣ್ಣು ಮೆತ್ತಿಸಿ, ಬಾಗಿಲಿಗೆ ಅರಗಿನ ಮುದ್ರೆ ಒತ್ತಿಸಿದೆ. ಮತ್ತೆ ತೆಗೆದಾಗ ಕಣಜದ ತುಂಬ ಅವೇ. ಒಳಗೆ ಬಿಟ್ಟವರು ಯಾರು?"

ಚೌಡ ತಿರುಗಿ ಕೇಳಿದ: "ಅಮ್ಮಾವ್ರೆ, ಗುಡಿಸಿದ ಕಸ ಎಲ್ಲಿ ಹೋಗುತ್ತೆ?"

"ಕಣಜದ ಕಸ ಹೊರಗೆ ಹಾಕಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ಸತ್ತ ಹುಳ ಆರಿಸಿ, ಉಳಿದ ಕಾಳು ಮೊರದಲ್ಲಿಟ್ಟು, ಅರಿಸಿನ ಕುಂಕುಮ ಹಾಕಿ, ಮನೆಮಗಳು ಮತ್ತೆ ಕಣಜಕ್ಕೇ ಸುರಿಯಬೇಕು. ಈ ವರ್ಷದ್ದು ದೇವರಮನೆಯಲ್ಲಿದೆ. ಶುಕ್ರವಾರ ಸುರಿದು, ಆಮೇಲೆ ಮುದ್ರೆ ಒತ್ತಿಸುತ್ತೇನೆ."

ಉತ್ತರ ಸಿಕ್ಕಿತು. ಅದನ್ನು ಹೇಳಿದರೆ ಚೌಡನ ತಲೆ ಉಳಿಯುವುದು ಅನುಮಾನ. ಸೆರೆಯಲ್ಲಿ ಕೂತ ಅವ್ವನನ್ನು ನೆನೆದು ಹೇಳಿಯೇಬಿಟ್ಟ: "ಹಂಗಾದ್ರೆ ಒಳಗೆ ಬಿಟ್ಟೋರು ನೀವೇ, ತಾಯಿ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಮುತ್ತಾಜಮ್ಮ ಅಡ್ಡ ನಿಂತಳು. "ತಾಳಿ ಅಪ್ಪಾಜಿ. ಮೊರ ತರಿಸಿ."

ಮೊರ ಬಂತು. ಚೌಡ ಕಾಳು ಕೆದಕಿ ಕಂದು ಬಣ್ಣದ್ದೊಂದನ್ನು ಆರಿಸಿದ. ಅಂಚಿನ ಹೊಲಿಗೆಯಂಥ ಗೆರೆಗೆ ಉಗುರು ಹಾಕಿ ಸೀಳಿದ. ಒಳಗೆ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳು, ಎರಡು ಸಾಲು.

"ತಾಯಿ ಹೊಗೇಲಿ ಸತ್ಲು. ಚೀಲದೊಳಕ್ಕೆ ಹೊಗೆ ಹೋಗಲಿಲ್ಲ. ನೀವು ಕಾಳು ಅಂದ್ಕೊಂಡು ಕುಂಕುಮ ಹಚ್ಚಿ ಒಳಗೆ ಕಳಿಸಿದ್ರಿ."

ಮುತ್ತಾಜಮ್ಮ ನೆಲದ ಮೇಲೇ ಕೂತು, ಬಗ್ಗಿ, ಬಹಳ ಹೊತ್ತು ನೋಡಿದಳು. "ಎಷ್ಟು ಅಚ್ಚುಕಟ್ಟು!" ಎಂದಳು ಮೊದಲು. ಆಮೇಲೆ ತಂದೆಯ ಕಡೆ ತಿರುಗಿ, "ಮಾಳವ್ವನ ತಪ್ಪೇನೂ ಇಲ್ಲ" ಎಂದಳು.

"ಸರಿ. ಏನು ಬೇಕೋ ಕೇಳು" ಎಂದ ದೊರೆ, ಕತ್ತಿ ಬಿಟ್ಟು.

"ನಮ್ಮವ್ವ, ಬುದ್ಧಿ."

ಮಾಳವ್ವ ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬಂದಳು. ಮಗನ ತಲೆ ಮುಟ್ಟಿ ನೋಡಿದಳು, ಇದ್ದಲ್ಲೇ ಇತ್ತು. ಮದುವೆಯ ಮನೆಯಲ್ಲಿ ತಲೆ ಉರುಳಿಸಬಾರದೆಂದು ಉಳಿದಿಬ್ಬರನ್ನೂ ಬಿಟ್ಟರು.

"ಮದುವೆಯೇ? ನಮ್ಮವ್ವನ್ನ ಒಂದು ಮಾತು ಕೇಳಿ" ಎಂದ ಚೌಡ.

ಮಾಳವ್ವ ದೊರೆಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಚೆಂದಾಗವ್ಳೆ. ಆದ್ರೆ ಗುಡಿಸಿದ್ದನ್ನ ಮತ್ತೆ ಒಳಕ್ಕೆ ಸುರಿಯೋ ಸೊಸೆ ಕಟ್ಕೊಂಡು ನಾನೇನು ಮಾಡ್ಲಿ?"

ಮುತ್ತಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಒಲೆಯಲ್ಲಿ ಚಟಪಟ ಸದ್ದಾಯಿತು. ಬರಿಯ ಮೊರ ಹಿಡಿದು, ಮೂಗಿನ ಮೇಲೆ ಬೂದಿ ಮೆತ್ತಿಕೊಂಡು ವಾಪಸು ಬಂದಳು.

"ಈಗ, ಅತ್ತೆಮ್ಮ?"

ಮಾಳವ್ವ ಸೆರಗಿನ ತುದಿಯಿಂದ ಅವಳ ಮೂಗು ಒರೆಸಿದಳು. "ಈಗ ತಾಂಬೂಲ ತರಿಸಿ" ಎಂದಳು.