ಕೂತವ್ವನ ಬೆಟ್ಟಕ್ಕೆ ಹೋಗುವವರಿಗೆ

ಕೂತವ್ವನ ಬೆಟ್ಟಕ್ಕೆ ಬರುವವರಿಗೆ ಮೊದಲು ದಾರಿಯ ವಿಷಯ ಹೇಳಬೇಕು. ಡಾಂಬರು ಗುಡಿಹಟ್ಟಿಯ ಶಾಲೆಯ ಮುಂದೆ ಮುಗಿಯುತ್ತದೆ. ಅಲ್ಲಿಂದ ಬೆಟ್ಟದ ಬುಡಕ್ಕೆ ಐದು ಮೈಲಿ. ಅದನ್ನು ರಸ್ತೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೊದಲೆರಡು ಮೈಲಿ ಕೊರಕಲು, ಆಮೇಲೆ ಉರುಳುಗಲ್ಲಿನ ಹಳ್ಳ, ಹಳ್ಳ ದಾಟಿದ ಮೇಲೆ ಎರಡೂ ಕಡೆಯಿಂದ ಗೀರುವ ಜಾಲಿಮುಳ್ಳು. ಸಣ್ಣ ಕಾರುಗಳು ಹಳ್ಳದ ನಡುವೆ ಕಲ್ಲಿಗೆ ಹೊಟ್ಟೆ ತಗುಲಿಸಿಕೊಂಡು ನಿಲ್ಲುತ್ತವೆ. ಟ್ರ್ಯಾಕ್ಟರು ಬಂದು ಎಳೆಯುವ ಹೊತ್ತಿಗೆ ಅರ್ಧ ಬೆಳಗು ಹೋಗಿರುತ್ತದೆ. ಬುಡದಿಂದ ನಡುದಾರಿಯ ಇಕ್ಕಟ್ಟಿಗೆ ಎರಡು ಗಂಟೆ, ಇಕ್ಕಟ್ಟಿನಿಂದ ನೆತ್ತಿಗೆ ಇನ್ನೆರಡು, ಇಳಿಯಲು ಮೂರೂವರೆ. ಇದಿಷ್ಟೂ ಮೊಣಕಾಲು ಗಟ್ಟಿ ಇದ್ದವರ ಲೆಕ್ಕ. ಆದ್ದರಿಂದ ಬುತ್ತಿ ಕಟ್ಟಿಕೊಂಡು, ಆಳಿಗೆ ಮೂರು ಸೀಸೆ ನೀರು ಹೊತ್ತು, ಬೆಳಗಿನ ಆರಕ್ಕೆಲ್ಲ ಬುಡದಲ್ಲಿರಬೇಕು. ಮೂವತ್ತು ವರ್ಷ ಜನರನ್ನು ಮೇಲಕ್ಕೆ ಕರೆದೊಯ್ದವನು ನಾನು. ಈಗ ಮೊಣಕಾಲು ಹೋಗಿ, ಬುಡದ ಹುಣಸೆಮರದ ಕೆಳಗೆ ಕೂತು ಇದನ್ನೇ ಹೇಳುತ್ತಿರುತ್ತೇನೆ. ಯಾರು ಕೇಳುತ್ತಾರೆ? ಹತ್ತೂವರೆಗೆ ಬಂದು ಇಳಿದು, "ತಾತ, ಎರಡು ಗಂಟೇಲಿ ಹೋಗಿ ಬರಬಹುದಲ್ವಾ? ಫೋನಲ್ಲಿ ಹಂಗೇ ತೋರಿಸ್ತಿದೆ" ಎನ್ನುತ್ತಾರೆ. ಫೋನು ಬೆಟ್ಟ ಹತ್ತಿಲ್ಲವಪ್ಪ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ.

ಇಕ್ಕಟ್ಟು ಎಂದರೆ ಎರಡು ದೊಡ್ಡ ಬಂಡೆಗಳ ನಡುವಿನ ಸಂದು. ನೆತ್ತಿಗೆ ಹೋಗುವವರು ಅದರೊಳಗೆ ನುಸುಳಿಯೇ ಹೋಗಬೇಕು. ಆ ಸಂದಿನ ನೆಲಕ್ಕೆ ಅಡ್ಡವಾಗಿ, ಈ ಬಂಡೆಯಿಂದ ಆ ಬಂಡೆಯವರೆಗೆ, ಮೊಣಕಾಲೆತ್ತರದ ಒಂದು ಉದ್ದನೆಯ ಕಲ್ಲಿದೆ. ಅದರ ಒಂದು ತುದಿ ಬೆನ್ನು ಬಾಗಿಸಿ ಕೂತವರ ಹಾಗೆ ಮೇಲೆದ್ದಿದೆ, ಉಳಿದ ಭಾಗ ಚಾಚಿದ ಕಾಲಿನ ಹಾಗಿದೆ. ಅರಿಸಿನ ಕುಂಕುಮ ಇಲ್ಲ, ಗುಡಿ ಇಲ್ಲ, ಪೂಜಾರಿಯೂ ಇಲ್ಲ. ಆ ಕಲ್ಲೇ ಕೂತವ್ವ. ಬೆಟ್ಟದ ಹೆಸರು ಅವಳಿಂದಲೇ ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ಗುಡಿಹಟ್ಟಿಯಲ್ಲಿ ಇಪ್ಪತ್ತು ಗುಡಿಸಲು ಮಾತ್ರ ಇದ್ದ ಕಾಲದಲ್ಲಿ, ಅಲ್ಲಿ ಸಣ್ಣೀರವ್ವ ಎಂಬ ಕುರಿಗಾಹಿ ಮುದುಕಿ ಇದ್ದಳು. ಬೆಟ್ಟದ ಮೇಲೆ ಕುರಿ ಮೇಯಿಸಿ ಮುದುಕಿಯಾದವಳು. ಯಾವ ತಿಂಗಳಲ್ಲಿ ಹೊತ್ತು ಎಷ್ಟು ಉದ್ದ, ಯಾವ ಬಂಡೆಗೆ ನೆರಳು ಎಷ್ಟು ಹೊತ್ತಿಗೆ ಬರುತ್ತದೆ ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಕಾರ್ತಿಕದ ಕಡೆಯ ಸೋಮವಾರ ಹಟ್ಟಿಯವರು ನೆತ್ತಿಯ ದೊಣೆಯಿಂದ, ಅಂದರೆ ಬಂಡೆಯ ಕುಳಿಯಲ್ಲಿ ನಿಂತ ನೀರಿನಿಂದ, ಸೋರೆಬುರುಡೆ ತುಂಬಿ ತರುವ ಪದ್ಧತಿ ಇತ್ತು. ಅವತ್ತು ಹಗಲಿನಲ್ಲೇ ತಂದ ನೀರನ್ನು ನಡೆಯಲಾರದ ಮಕ್ಕಳ ಕಾಲಿಗೆ ಎರೆದರೆ ಕಾಲು ಬರುತ್ತದೆ ಎಂಬ ನಂಬಿಕೆ. ಸಣ್ಣೀರವ್ವನ ಒಬ್ಬನೇ ಮಗ ಚಿತ್ತಯ್ಯ. ಅವನ ಮಗಳಿಗೆ ಮೂರು ತುಂಬಿದರೂ ಹೆಜ್ಜೆ ಬಂದಿರಲಿಲ್ಲ. ಹಿಂದಿನ ವರ್ಷ ಜ್ವರ ಬಂದು ಮಲಗಿ ಚಿತ್ತಯ್ಯ ಆ ಸೋಮವಾರವನ್ನು ತಪ್ಪಿಸಿಕೊಂಡಿದ್ದ. ವರ್ಷವಿಡೀ ಮಗು ನೆಲದ ಮೇಲೆ ತೆವಳುವುದನ್ನು ನೋಡಿದ್ದ. ಈ ಸಲ ಏನೇ ಆದರೂ ನೀರು ತರಲೇಬೇಕೆಂದು ಹಟ ತೊಟ್ಟಿದ್ದ.

ಹೊರಡುವ ಏರ್ಪಾಡೆಲ್ಲ ಮುದುಕಿಯದೇ. ಬೆಳ್ಳಿ ಮೂಡುವಾಗ ಗಾಡಿ ಕಟ್ಟುವುದು, ಹೊತ್ತು ಹುಟ್ಟುವಾಗ ಬುಡ ಸೇರುವುದು, ಹೊತ್ತು ನೆತ್ತಿಗೆ ಬರುವುದರೊಳಗೆ ದೊಣೆ ಮುಟ್ಟುವುದು, ದನ ಮನೆಗೆ ತಿರುಗುವ ಹೊತ್ತಿಗೆ ಬುಡಕ್ಕೆ ಇಳಿದಿರುವುದು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಉರುಳುಗಲ್ಲಿನ ಹಳ್ಳದಲ್ಲಿ ಗಾಡಿಯ ಕಡಾಣಿ ಮುರಿದು ಗಾಲಿ ಕಳಚಿಕೊಂಡಿತು. ಜಾಲಿ ಕಡಿದು, ಕೆತ್ತಿ, ಹೊಸ ಕಡಾಣಿ ಹಾಕಿ ಬುಡ ಸೇರುವ ಹೊತ್ತಿಗೆ ಮಧ್ಯಾಹ್ನ ಹತ್ತಿರವಾಗಿತ್ತು. ಜೊತೆಯಲ್ಲಿದ್ದ ಆರು ಜನರಿಗೂ ಆಗಲೇ ಸುಸ್ತು. ಆದರೂ ಯಾರೂ ಹಿಂದಿರುಗುವ ಮಾತೆತ್ತಲಿಲ್ಲ. ಹೊರಟಾಯಿತಲ್ಲ, ಇನ್ನೇನು, ಹೋಗಿಯೇ ಬಿಡೋಣ ಎನ್ನುವ ಈ ರೋಗ ಇವತ್ತಿನದಲ್ಲ.

ಇಕ್ಕಟ್ಟಿಗೆ ಬಂದಾಗ ಸಣ್ಣೀರವ್ವ ತನ್ನ ನೆರಳನ್ನು ನೋಡಿಕೊಂಡಳು. ಅದು ಮೂಡಲಿಗೆ ಆಳುದ್ದ ಬಿದ್ದಿತ್ತು. ಅವಳು ಸಂದಿನಲ್ಲಿ ಒಂದು ಬಂಡೆಗೆ ಬೆನ್ನು ಕೊಟ್ಟು ಕೂತು, ಇನ್ನೊಂದು ಬಂಡೆಗೆ ತಾಗುವ ಹಾಗೆ ಎರಡೂ ಕಾಲು ಚಾಚಿದಳು. ಕೂತವರನ್ನು ದಾಟಬಾರದು ಎನ್ನುವುದು ನಮ್ಮಲ್ಲಿ ಇವತ್ತಿಗೂ ಇದೆ. ಅದರಲ್ಲೂ ಹೆತ್ತವಳನ್ನು ದಾಟುವುದೆಂದರೆ ಕೇಳುವುದೇ ಬೇಡ. ದಾರಿಗೆ ಬಾಗಿಲು ಹಾಕಿದಂತಾಯಿತು.

"ಇವತ್ತಿಗೆ ಇಷ್ಟೇ. ಎಲ್ಲಾರೂ ತಿರುಗ್ರಿ. ಮ್ಯಾಲಿಂದ ಇಳಿಯೋವಾಗ ಕತ್ತಲಾಯ್ತದೆ, ಕರಡಿ ತಿರುಗೋ ಜಾಗ" ಎಂದಳು.

ಐದು ಜನ ಬುರುಡೆ ಕೆಳಗಿಟ್ಟು ಉಸ್ಸೆಂದು ಕೂತರು. ಒಳಗೊಳಗೇ ಅವರಿಗೆ ಸಮಾಧಾನವೇ ಆಗಿರಬೇಕು. ಚಿತ್ತಯ್ಯ ಮಾತ್ರ ನಿಂತೇ ಇದ್ದ.

"ಇನ್ನೊಂದು ವರ್ಸ ಕಾಯಕ್ಕೆ ನನ್ ಕೈಲಿ ಆಗಲ್ಲ ಕಣವ್ವ. ಆ ಕೂಸು ನಿನಗೇನೂ ಅಲ್ವಾ?"

"ನಂದೇ ಕಣಪ್ಪ. ನೀನೂ ನಂದೇ."

ಅವನು ಕಾಲು ತೆಗೆಯೆಂದು ಬೇಡಿಕೊಂಡ. ಅವಳು ತೆಗೆಯಲಿಲ್ಲ. ಕಡೆಗೆ ಕಣ್ಣು ಮುಚ್ಚಿಕೊಂಡು ತಾಯಿಯ ಕಾಲನ್ನು ದಾಟಿಬಿಟ್ಟ. ನೋಡಿದವರು ತಲೆ ತಗ್ಗಿಸಿದರು ಎನ್ನುತ್ತಾರೆ. ಹೀಗೆ ದಾಟಿದ ದೋಷಕ್ಕೆ ನಮ್ಮಲ್ಲಿ ಒಂದೇ ಪರಿಹಾರ: ದಾಟಿದವನು ಅದೇ ದಾರಿಯಲ್ಲಿ ಬಂದು ಮತ್ತೆ ಹಿಂದಕ್ಕೆ ದಾಟಬೇಕು. ಮುದುಕಿ ಬೈಯಲಿಲ್ಲ. "ದಾಟಿದ್ದೀಯ. ಬಂದು ತಿರುಗ ದಾಟು. ಅಲ್ಲೀಗಂಟ ನಾನು ಏಳಕಿಲ್ಲ" ಎಂದಳು. "ಹೊತ್ತು ಮುಳುಗೋದ್ರಾಗೆ ಬತ್ತೀನವ್ವ" ಎಂದು ಅವನು ಓಡಿದ.

ಅವನು ದೊಣೆ ಮುಟ್ಟಿದ್ದು ನಿಜ. ಬುರುಡೆ ತುಂಬಿ ತಿರುಗುವಾಗ ಹೊತ್ತು ಕೆಂಪಾಗಿತ್ತು. ಬಂದ ದಾರಿಯಲ್ಲೇ ಇಳಿದರೆ ಕತ್ತಲಾಗುತ್ತದೆ, ನೀರು ಹಗಲಿನಲ್ಲೇ ಮನೆ ಸೇರಬೇಕು. ಬಡಗಲ ಕಡೆ ಜಾರು ಎಂಬ ಕಡಿದಾದ ಇಳಿಜಾರಿದೆ. ಹಟ್ಟಿಗೆ ಅದು ಹತ್ತಿರ. ಅವ್ವನನ್ನು ಆಮೇಲೆ ಬಂದು ದಾಟಿದರಾಯಿತು ಎಂದುಕೊಂಡನೋ ಏನೋ, ಅವನು ಜಾರಿಗೆ ಇಳಿದ. ಮರುದಿನ ಬೆಳಿಗ್ಗೆ ಹುಡುಕಿ ಹೋದ ಆ ಐದು ಜನರಿಗೆ ಜಾರಿನ ತಳದಲ್ಲಿ ಅವನ ಹೆಣ ಸಿಕ್ಕಿತು. ಎದೆಗವುಚಿಕೊಂಡಿದ್ದ ಬುರುಡೆ ಒಡೆದಿರಲಿಲ್ಲ, ಅದರ ಬಾಯಿಗೆ ಕಟ್ಟಿದ ಬಟ್ಟೆಯೂ ಬಿಚ್ಚಿರಲಿಲ್ಲ.

ಇಲ್ಲಿಯೇ ಹಟ್ಟಿಯವರು ಒಂದು ತಪ್ಪು ಮಾಡಿದರು. ಎರಡು ದಿನದ ಅಲೆದಾಟದಲ್ಲಿ ಸೋತಿದ್ದವರು. ಹೆಣವನ್ನು ಮತ್ತೆ ಬೆಟ್ಟಕ್ಕೆ ಏರಿಸಿ ಇಕ್ಕಟ್ಟಿನ ಮೂಲಕ ತರುವ ಶಕ್ತಿ ಯಾರಲ್ಲೂ ಇರಲಿಲ್ಲ. ಬುಡದ ಬಯಲಲ್ಲೇ ಗಾಡಿ ಹೊಡೆದುಕೊಂಡು ಹಟ್ಟಿಗೆ ಒಯ್ದರು. ಆಮೇಲೆ ಇಬ್ಬರು ಹೋಗಿ, ಹಿಂದಿನ ದಿನದಿಂದ ಕೂತೇ ಇದ್ದ ತಾಯಿಗೆ ತಿಳಿಸಿದರು. ಅವಳು ಅಳಲಿಲ್ಲ ಎನ್ನುತ್ತಾರೆ. "ಯಾವ ದಾರೀಲಿ ತಂದ್ರಿ?" ಎಂದು ಕೇಳಿದಳು. ಹೇಳಿದರು. "ಹಂಗಾದ್ರೆ ಅವನಿನ್ನೂ ದಾಟಿಲ್ಲ. ನಾನ್ಹೆಂಗೆ ಏಳ್ಲಿ?" ಎಂದಳು. ಬಂದವರು ಕೈ ಹಿಡಿದು ಎಳೆದರು, ಕಾಲಿಗೆ ಬಿದ್ದರು, ಸೊಸೆ ಬಂದು ಸೆರಗೊಡ್ಡಿದಳು. ಅನ್ನ ತಂದಿಟ್ಟರೆ ಮುಟ್ಟಲಿಲ್ಲ. ಒಂಬತ್ತನೆಯ ದಿನ ಹೋದವರಿಗೆ ಅಲ್ಲಿ ಈ ಕಲ್ಲು ಕಂಡಿತಂತೆ.

ಮಗುವಿನ ಕಾಲಿಗೆ ಆ ನೀರನ್ನು ಎರೆದರೋ ಇಲ್ಲವೋ ಎನ್ನುವಲ್ಲಿ ಎರಡು ಮಾತಿದೆ. ಅದು ಮರುವರ್ಷ ಎದ್ದು ನಡೆಯಿತು ಎನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು. ಕೆಲವು ಮಕ್ಕಳು ತಡವಾಗಿ ನಡೆಯುತ್ತವೆ. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಸಂಕಟವಾಗುತ್ತದೆ.

ಈಗಲೂ ನೆತ್ತಿಗೆ ಹೋಗುವವರು ಆ ಕಲ್ಲನ್ನು ದಾಟಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಆದ್ದರಿಂದಲೇ ಜಾರಿನ ಕಡೆ ಇಳಿಯಬಾರದು. ಫೋನು ಅದನ್ನು ಹತ್ತಿರದ ದಾರಿ ಎಂದು ತೋರಿಸಿದರೂ ಇಳಿಯಬಾರದು. ಹೊತ್ತಿರುವಾಗಲೇ ಬಂದ ದಾರಿಯಲ್ಲೇ ಬಂದು, ಹಿಂದಕ್ಕೆ ದಾಟಿ, ಕಲ್ಲಿನ ಬೆನ್ನು ಮುಟ್ಟಿ, "ಚಿತ್ತಯ್ಯ ಬಂದೆ ಕಣವ್ವಾ" ಎಂದು ಗಟ್ಟಿಯಾಗಿ ಕೂಗಬೇಕು. ಗಂಡಸಾಗಲಿ ಹೆಂಗಸಾಗಲಿ, ಯಾವ ಊರಿನವರಾಗಲಿ, ಅಲ್ಲಿ ಹೇಳುವ ಹೆಸರು ಅದೊಂದೇ. ಎಂದಾದರೊಂದು ದಿನ ನಂಬಿ ಎದ್ದಾಳು ಎಂದು ಹಿರಿಯರು ಮಾಡಿದ ಪದ್ಧತಿ. ಎಷ್ಟೋ ಕೈಗಳು ಮುಟ್ಟಿ ಕಲ್ಲಿನ ಬೆನ್ನು ನುಣ್ಣಗಾಗಿದೆ. ಕಡೆಯ ಸಲ ಬೆಟ್ಟ ಇಳಿದಾಗ, ಮೊಣಕಾಲು ಹೋಯಿತವ್ವ, ಇನ್ನು ನಾನು ಬರುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ. ಎಲ್ಲರ ಹಾಗೆ ಚಿತ್ತಯ್ಯ ಬಂದೆ ಎಂದಷ್ಟೇ ಹೇಳಿ ಇಳಿದೆ. ಗಾಳಿ ತಗ್ಗಿದ ಸಂಜೆಗಳಲ್ಲಿ ಇಕ್ಕಟ್ಟಿನ ಕೂಗು ಬುಡದವರೆಗೂ ಕೇಳಿಸುತ್ತದೆ. ಬೆಳಿಗ್ಗೆ ಐದು ಜನ ಹೋಗಿದ್ದರೆ ಐದು ಚಿತ್ತಯ್ಯಂದಿರೂ ಬರುವವರೆಗೆ ನಾನು ಹುಣಸೆಮರದ ಕೆಳಗಿಂದ ಏಳುವುದಿಲ್ಲ.